ಹುಳು ಹಣ್ಣಾಗುವವರೆಗೆ

ಮನೆಯಲ್ಲಿ ನಮಗಿಂತ ಹುಳುಗಳಿಗೇ ಹೆಚ್ಚು ಜಾಗವಿದ್ದ ಕಾಲ ಅದು. ಕೋಲಾರದ ಕಡೆಯ ಹುತ್ತೂರಿನ ಸುತ್ತಮುತ್ತ ಹಿಪ್ಪುನೇರಳೆ ಬೆಳೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ಈಗಿನ ಹಾಗೆ ರೇಷ್ಮೆ ಹುಳುಗಳಿಗೆಂದೇ ತೋಟದಲ್ಲಿ ಬೇರೆ ಶೆಡ್ ಕಟ್ಟುವ ಪದ್ಧತಿ ನಮ್ಮಲ್ಲಿ ಆಗ ಇನ್ನೂ ಬಂದಿರಲಿಲ್ಲ. ನಡುಮನೆಯೇ ಹುಳುಮನೆ. ನೆಲದಿಂದ ಸೂರಿನವರೆಗೆ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅವ್ವ, ನಾನು, ಹೀಗೆ ನಾಲ್ಕು ಜನ ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಕಾಲು ಚಾಚಲು ಎಲ್ಲಿ ಸಿಕ್ಕಿತೋ ಅಲ್ಲಿ ಮಲಗುತ್ತಿದ್ದೆವು. ದಾರಿಯಲ್ಲಿ ಸಿಕ್ಕವರು ಕೂಡ ಮೊದಲು "ಹುಳ ಹೆಂಗವೆ?" ಎಂದು ಕೇಳಿ, ಆಮೇಲೆ ಬೇಕಾದರೆ ನಮ್ಮನ್ನು ವಿಚಾರಿಸುತ್ತಿದ್ದರು.

ಹುಳುಗಳು ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಜ್ವರ ಎಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು ಕದಲದೆ ಕೂತು ಪೊರೆ ಕಳಚುವುದು. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ವಾರ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಆ ಒಂದು ವಾರ ನಮ್ಮ ಮನೆ ಜೈಲು. ಕಿಟಕಿಗಳಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಂತೆ ನೈಲಾನ್ ಬಲೆ, ಹೊಸ್ತಿಲಿಗೆ ಸುಣ್ಣದ ಗೆರೆ. ಹೊರಗಿನವರು ಒಳಗೆ ಬರುವಂತಿಲ್ಲ. ಮಕ್ಕಳು ಬೇರೆಯವರ ಹುಳುಮನೆಗೆ ಹೊಕ್ಕು ಅಲ್ಲಿನ ರೋಗವನ್ನು ಕಾಲಿಗೆ ಅಂಟಿಸಿಕೊಂಡು ಬರುತ್ತವೆಂದು ನಾನೂ ಆಚೆ ಹೋಗುವಂತಿಲ್ಲ. ಮಲ್ಲಿಗೆ ಮುಡಿಯಬಾರದು, ಪೌಡರ್ ಹಚ್ಚಬಾರದು, ಊದುಬತ್ತಿ ಹಚ್ಚಬಾರದು. ಎಲ್ಲಕ್ಕಿಂತ ದೊಡ್ಡದು, ಒಗ್ಗರಣೆ ಹಾಕಬಾರದು. ಒಗ್ಗರಣೆಯ ಘಾಟು ತಾಕಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಎನ್ನುತ್ತಿದ್ದರು.

ಹಾಗಾಗಿ ಬೆಳಗ್ಗೆ ಉಪ್ಸಾರು, ಮಧ್ಯಾಹ್ನ ಉಪ್ಸಾರು, ಸಂಜೆ ಬೆಳಗಿನದೇ ಉಪ್ಸಾರು. ಬೇಯಿಸಿದ ಸೊಪ್ಪಿನ ನೀರಿಗೆ ಉಪ್ಪು, ಪಕ್ಕಕ್ಕೆ ಹಸಿಮೆಣಸಿನಕಾಯಿ ಅರೆದ ಖಾರ, ಮುದ್ದೆ. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಐದನೆಯ ದಿನಕ್ಕೆ ನಾಲಿಗೆ ಮೇಲೆ ಬೂದಿ ಹರಡಿದ ಹಾಗೆ ಆಗುತ್ತಿತ್ತು. ನಮ್ಮದು ಹೋಗಲಿ, ಹಿತ್ತಲ ಗೋಡೆಯ ಆಚೆಗಿದ್ದ ಪಾಪಮ್ಮನ ಮನೆಯವರದೂ ಅದೇ ಊಟ. ಅವರ ಮನೆಯಲ್ಲಿ ಹುಳು ಇರುತ್ತಿರಲಿಲ್ಲ. ಆದರೂ ನಮ್ಮ ಹುಳುಗಳು ಗೂಡು ಕಟ್ಟಲು ಏರುವವರೆಗೆ ಪಾಪಮ್ಮ ಸಾಸಿವೆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಅವರ ಯಜಮಾನರು ಗೊಣಗಿದರೆ, "ಪಕ್ಕದ್ ಮನೇಲಿ ಬೆಳೆ ಐತೆ, ನಿಂಗೆ ಒಂದ್ವಾರ ಬಾಯಿ ಕಟ್ಟಕ್ಕಾಗಲ್ವಾ?" ಎಂದು ಗದರುವುದು ನಮಗೆ ಕೇಳಿಸುತ್ತಿತ್ತು. ಯಾರೂ ಅವರನ್ನು ಹಾಗೆ ಮಾಡಿ ಎಂದು ಕೇಳಿಕೊಂಡದ್ದಿಲ್ಲ. ಬೀದಿಯ ನಡವಳಿಕೆಯೇ ಹಾಗಿತ್ತು.

ನಾನು ಐದನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆ. ಆ ಸಲದ ಬೆಳೆಯ ಬಗ್ಗೆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ. ಕಾರಣವಿತ್ತು. ಹಿಂದಿನ ಬೆಳೆಯಲ್ಲಿ ಅಮ್ಮ ತನ್ನ ತಮ್ಮನ ಮಗುವಿನ ನಾಮಕರಣಕ್ಕೆಂದು ಯಲ್ದೂರಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಳು. ಅವಳು ಬಂದ ನಾಲ್ಕನೆಯ ದಿನಕ್ಕೆ ಹುಳುಗಳಿಗೆ ಹಾಲುರೋಗ ಹತ್ತಿತು. ತಟ್ಟೆ ತಟ್ಟೆ ಹುಳುಗಳೇ ಊದಿ, ಒಡೆದು, ಬೆಳ್ಳಗೆ ಸೋರಿ ಸತ್ತವು. ಅಪ್ಪ ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹೂತ. ರೋಗಕ್ಕೆ ನೂರು ಕಾರಣ ಇದ್ದೀತು. ಅವ್ವನಿಗೆ ಕಂಡದ್ದು ಒಂದೇ: "ತವ್ರು ತುಳ್ಕೊಂಡ್ ಬಂದ ಕಾಲು." ಅಂದಿನಿಂದ ಅಮ್ಮ ಆ ಮನೆಯಲ್ಲಿ ತಲೆ ಬಗ್ಗಿಸಿಕೊಂಡೇ ಓಡಾಡುತ್ತಿದ್ದಳು. ಸೊಪ್ಪು ಹೆಚ್ಚದಿರುವಾಗಲೂ ಅವಳ ಕುತ್ತಿಗೆ ಬಗ್ಗಿಯೇ ಇರುತ್ತಿತ್ತು. ಈ ಬೆಳೆ ಚೆನ್ನಾಗಿ ಬಂದರೆ ಆ ಮಾತು ಅಳಿಯುತ್ತದೆ. ಇದೂ ಹೋದರೆ ಅವಳು ಸಾಯುವವರೆಗೆ ಅದನ್ನೇ ಕೇಳಬೇಕು. ಹನ್ನೊಂದು ವರ್ಷದ ನನಗೂ ಇಷ್ಟು ತಿಳಿದಿತ್ತು.

ನಾಲ್ಕನೆಯ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಅಮ್ಮ ಒಳಗೆ ಸೊಪ್ಪು ಹಾಕುತ್ತಿದ್ದಳು. ಅವ್ವ ಅಂಗಳದಲ್ಲಿ ಚಂದ್ರಿಕೆ ತೊಳೆಯುತ್ತಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ಚಾಪೆ ಅದು. ನಾನು ನೀರು ಹುಯ್ಯುತ್ತಿದ್ದೆ. ಬೇಲಿಯ ಹತ್ತಿರ ಯಲ್ದೂರಿನ ವೆಂಕಟರಮಣಪ್ಪ ಬಂದು ನಿಂತ. ಅಮ್ಮನ ತವರಿನ ಪಕ್ಕದ ಮಾವಿನ ತೋಪಿನವನು. ಸುಣ್ಣದ ಗೆರೆ ನೋಡಿ ಅವನೇ ದೂರದಲ್ಲಿ ನಿಂತ, ಅವನಿಗೂ ರೀತಿ ಗೊತ್ತು. ಟವಲಿನಲ್ಲಿ ಮುಖ ಒರೆಸಿಕೊಂಡು, ಸಣ್ಣ ದನಿಯಲ್ಲಿ ಹೇಳಿದ:

"ರತ್ನಮ್ಮನ್ನ ಕಳ್ಸ್ಕೊಡಿ. ಅವ್ರಮ್ಮ ಊಟ ಬಿಟ್ಟು ನಾಕು ದಿನ ಆಯ್ತು. ಯಾರೇ ಹತ್ರ ಹೋದ್ರೂ 'ನಾ ಕೂತುರು ಎಕ್ಕಡ, ನಾ ಕೂತುರು ಎಕ್ಕಡ' ಅಂತ ಒಂದೇ ಸಮ."

ತೆಲುಗಿನಲ್ಲಿ, ನನ್ನ ಮಗಳು ಎಲ್ಲಿ ಎಂದು. ಆ ಮಗಳು, ನನ್ನ ಅಮ್ಮ, ಗೋಡೆಯ ಒಳಗೆ, ಹದಿನೈದು ಮಾರು ದೂರದಲ್ಲಿ, ಹುಳುಗಳು ಮೇಯುವ ಚರಚರದ ನಡುವೆ ಇದ್ದಳು.

"ಹೇಳ್ತೀನಿ ಬುಡಪ್ಪ, ಕಳಿಸ್ತೀನಿ," ಎಂದಳು ಅವ್ವ. ಅವನು ಬಸ್ಸಿಗೆ ಹೊತ್ತಾಯಿತೆಂದು ಹೋದ. ಅವ್ವ ಒದ್ದೆ ಕೈಯಲ್ಲೇ ನನ್ನ ರಟ್ಟೆ ಹಿಡಿದಳು.

"ಲೇ ಮಂಜಿ, ಇನ್ ಮೂರೇ ದಿನ. ಹುಳ ಹಣ್ಣಾಗ್ಲಿ, ಚಂದ್ರಿಕೆ ಏರ್ಲಿ, ನಾನೇ ಬಸ್ ಹತ್ತಿಸ್ತೀನಿ. ಅಲ್ಲೀಗಂಟ ಬಾಯ್ ಬಿಟ್ಟೀಯಾ, ನಿಮ್ಮಮ್ಮನ ಬಾಳು ಹಾಳ್ ಮಾಡಿದೋಳು ನೀನೇ ಆಗ್ತೀಯ."

ಅವ್ವ ಕೆಟ್ಟವಳೇನಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಅವಳೇ. ಆದರೆ ಆ ದಿನ ಅವಳ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಅಪ್ಪ ತೋಟದಿಂದ ಬಂದಾಗ ಅವನ ಕಿವಿಗೂ ಸುದ್ದಿ ಹಾಕಿದಳು. ಅಪ್ಪ ಸೊಪ್ಪಿನ ಗಂಟು ಇಳಿಸಿ, ಇನ್ನೊಂದು ಗಂಟು ತರಲು ಹೋದ.

ಆಮೇಲೆ ಆ ಮನೆಯಲ್ಲಿ ನನಗೆ ಉಸಿರು ಕಟ್ಟಿತು. ಸೆಖೆಗೆ ಒದ್ದೆ ಗೋಣಿಚೀಲ ಕಟ್ಟಿದ್ದರು, ಅದರ ಮುಗ್ಗಲು ವಾಸನೆ, ಹುಳುವಿನ ಹಿಕ್ಕೆಯ ಹಸಿ ವಾಸನೆ, ಜೊತೆಗೆ ಈ ಗುಟ್ಟು. ಬಲೆಯ ಆಚೆ ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನನ್ನನ್ನು ಕರೆದೂ ಕರೆದೂ ಬಿಟ್ಟರು. ನಾನು ಅಮ್ಮನ ಕಣ್ಣು ತಪ್ಪಿಸಿ ತಟ್ಟೆಗಳ ಸಂದಿಯಲ್ಲಿ ಕೂರುತ್ತಿದ್ದೆ. ಅಮ್ಮ ಮಾತ್ರ ಎಂದಿಲ್ಲದ ಹಾಗೆ ತವರಿನ ಮಾತೇ ಆಡುತ್ತಿದ್ದಳು. "ಈಗ ಮಾವಿನಕಾಯಿ ಕಾಲ ಕಣೇ. ನಮ್ಮಮ್ಮ ಉಪ್ಪಿನಕಾಯಿಗೆ ಹೆಚ್ತಾ ಕೂತಿರ್ತಾಳೆ. ಈ ಬೆಳೆ ಮುಗೀಲಿ, ಇಬ್ರೂ ಹೋಗೋಣ." ನಾನು ಹೂಂ ಎನ್ನುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಬಾಯಿ ಬಿಡಬಾರದು, ಸರಿ. ಹುಳು ಇರುವವರೆಗೆ ಅಮ್ಮ ಹೋಗುವಂತಿಲ್ಲ. ಹುಳುವೇ ಇಲ್ಲವಾದರೆ? ಇದು ಅಮ್ಮನ ಬಾಳಿಗೇ ಬೆಂಕಿ ಇಡುವ ಉಪಾಯ ಎಂದು ಆಗ ಹೊಳೆಯಲಿಲ್ಲ. ಅಮ್ಮ ಸೊಪ್ಪಿನ ಬುಟ್ಟಿಗೆ ಒರಗಿ ಜೋಂಪು ಹತ್ತಿ ಕೂತಿದ್ದಳು, ಅವ್ವ ಅಂಗಳದಲ್ಲಿದ್ದಳು. ನಾನು ಅಡುಗೆಮನೆಗೆ ಹೋಗಿ ಸೀಮೆಎಣ್ಣೆ ಸ್ಟವ್ ಹಚ್ಚಿದೆ. ಬಾಣಲೆಗೆ ಕಡಲೆಕಾಯಿ ಎಣ್ಣೆ ಸುರಿದೆ. ಒಂದು ಹಿಡಿ ಸಾಸಿವೆ, ಏಳೆಂಟು ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಒಬ್ಬರ ಮನೆಯ ಸಾರಿಗಲ್ಲ, ಮದುವೆ ಮನೆಗೆ ಸಾಕಾಗುವಷ್ಟು.

ಸಾಸಿವೆ ಸಿಡಿಯಿತು. ಘಾಟು ಎದ್ದಿತು. ಎಲ್ಲರಿಗಿಂತ ಮೊದಲು ಗೊತ್ತಾದದ್ದು ಗೋಡೆಯಾಚೆಯ ಪಾಪಮ್ಮನಿಗೆ. "ಯಾರ್ಲೇ ಅದು ಒಗ್ಗರಣೆ ಹಾಕ್ತಿರೋದು! ರತ್ನಾ! ಹುಳ! ಹುಳ!" ಎಂದು ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಿದರು.

ಅಮ್ಮ ಓಡಿ ಬಂದಳು. ನಡುಮನೆಯ ಬಾಗಿಲು ಎಳೆದುಕೊಂಡು, ಸೆರಗಿನಲ್ಲೇ ಬಾಣಲೆ ಎತ್ತಿ ಹಿತ್ತಲಿಗೆ ಎಸೆದಳು. ಬೆರಳು ಸುಟ್ಟಿತು. ನನ್ನನ್ನು ಹೊಡೆಯುತ್ತಾಳೆಂದು ಗೋಡೆಗೆ ಅಂಟಿಕೊಂಡೆ. ಅವಳು ಹೊಡೆಯಲಿಲ್ಲ, ಎರಡೂ ಭುಜ ಹಿಡಿದು ಮುಖ ನೋಡಿದಳು.

"ಯಾಕೆ ಮಂಜಿ? ಯಾಕೆ ಹಿಂಗ್ ಮಾಡ್ದೆ?"

"ಅಮ್ಮಾ..." ಎಂದೆ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ಎಣ್ಣೆ ಮೆತ್ತಿದ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಉಪ್ಸಾರ್ ತಿಂದೂ ತಿಂದೂ ಬಾಯಿ ಕೆಟ್ಟೋಗೈತೆ. ಅದಕ್ಕೇ ಅಲ್ವಾ? ಅದಕ್ಕೇ ಅಲ್ವೇನೇ?"

ನಾನು ಅಳುತ್ತಾ ತಲೆ ಆಡಿಸಿದೆ. ಅವ್ವ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಾಗ ಅಮ್ಮ, "ನಂದೇ ತಪ್ಪು ಅತ್ತೆ, ನಿದ್ದೆಗಣ್ಣಲ್ಲಿ ಮರ್ತು ಎಣ್ಣೆ ಇಟ್ಬಿಟ್ಟೆ," ಎಂದಳು. ಅವ್ವ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಸೊಪ್ಪು ಹೆಚ್ಚಲು ಕೂತಳು.

ಹುಳುಗಳಿಗೆ ಏನೂ ಆಗಲಿಲ್ಲ. ನಾಚಿಕೆಯಿಲ್ಲದೆ ಮೇಯುತ್ತಲೇ ಇದ್ದವು. ಮೂರನೆಯ ದಿನ ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಡಿಸತೊಡಗಿದವು. ಪಾಪಮ್ಮನ ಮನೆಯವರೂ ಬಂದು ಹಣ್ಣು ಹುಳು ಆಯ್ದುಕೊಟ್ಟರು. ಸಂಜೆಯೊಳಗೆ ಎಲ್ಲವೂ ಚಂದ್ರಿಕೆ ಏರಿದವು. ಮರುದಿನ ಬೆಳಗ್ಗೆ ಅವ್ವ ಅಮ್ಮನನ್ನು ಕರೆದು, ಈಗತಾನೇ ಸುದ್ದಿ ಬಂತು ಎನ್ನುವ ಹಾಗೆ, "ನಿಮ್ಮಮ್ಮಂಗೆ ಹುಷಾರಿಲ್ವಂತೆ, ಹೋಗ್ಬಿಟ್ ಬಾ" ಎಂದಳು. ಯಾರು ಹೇಳಿದರು, ಯಾವಾಗ, ಎಂದು ಅಮ್ಮ ಒಂದೂ ಕೇಳಲಿಲ್ಲ. ಸೀರೆ ಬದಲಾಯಿಸಿ, ನನ್ನ ಕೈ ಹಿಡಿದು ಬಸ್ಸಿಗೆ ನಡೆದಳು.

ಕೋಲಾರದಲ್ಲಿ ಇಳಿದು, ಶ್ರೀನಿವಾಸಪುರದ ಬಸ್ಸು ಹತ್ತಿ, ಯಲ್ದೂರು ತಲುಪುವಾಗ ಮಧ್ಯಾಹ್ನ. ಅಮ್ಮಮ್ಮ ಬದುಕಿದ್ದಳು. ಕಣ್ಣು ತೆರೆದಿತ್ತು. ಆದರೆ ಹಿಂದಿನ ದಿನವೇ ಮಾತು ನಿಂತುಹೋಗಿತ್ತು. ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೆಲುಗಿನಲ್ಲಿ ಒಂದೇ ಸಮನೆ ಮಾತಾಡಿದಳು. ನಮ್ಮ ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲೇ ಇಲ್ಲ. ಅಮ್ಮಮ್ಮನ ತುಟಿ ಎರಡು ಸಲ ಅಲುಗಿತು, ದನಿ ಬರಲಿಲ್ಲ. ಎರಡು ದಿನಕ್ಕೆ ತೀರಿಕೊಂಡಳು.

ಗೂಡು ಆ ಸಲ ತುಂಬ ಚೆನ್ನಾಗಿ ಬಂತು. ಅವ್ವ ಬೀದಿಯಲ್ಲೆಲ್ಲ "ನಮ್ ರತ್ನನ ಕೈಗುಣ" ಎಂದು ಹೇಳಿಕೊಂಡು ಬಂದಳು. ತವರು ತುಳಿದ ಕಾಲಿನ ಮಾತು ಮತ್ತೆ ಎಂದೂ ಏಳಲಿಲ್ಲ. ಅಮ್ಮ ತಲೆ ಎತ್ತಿ ಓಡಾಡಿದಳು. ನಾನು ಮಾತ್ರ, "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದು ಅವಳು ಕೇಳುವ ದಿನಕ್ಕಾಗಿ ವರ್ಷಗಟ್ಟಲೆ ಹೆದರುತ್ತಾ ಕಾದೆ. ಅವಳು ಕೇಳಲೇ ಇಲ್ಲ.

ಈಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಅಮ್ಮ ಕೋಲಾರದಲ್ಲಿ ನನ್ನ ಜೊತೆಗಿದ್ದಾಳೆ. ನಮ್ಮದು ಹೊಸ ಬಡಾವಣೆ, ಮನೆಗೂ ಮನೆಗೂ ಒಂದು ಮೊಳ ಜಾಗ. ನಮ್ಮ ಎಕ್ಸಾಸ್ಟ್ ಫ್ಯಾನು ಪಕ್ಕದವರ ಕಿಟಕಿಗೆ ಊದುತ್ತದೆ, ಅವರದು ನಮ್ಮ ಕಿಟಕಿಗೆ. ದಿನಕ್ಕೆ ಮೂರು ಹೊತ್ತು ಅವರ ಒಗ್ಗರಣೆಗೆ ನಾನು ಸೀನುತ್ತೇನೆ, ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ನಮಗಾಗಿ ಒಂದು ವಾರ ಬಾಯಿ ಕಟ್ಟುವ ನೆರೆಯವರು ಇನ್ನು ಈ ಜನ್ಮಕ್ಕೆ ಸಿಕ್ಕುವುದಿಲ್ಲ. ಊರಿಗೆ ಹೋದರೆ ನಮ್ಮ ಬೀದಿಯಲ್ಲೂ ಯಾರ ನಡುಮನೆಯಲ್ಲೂ ಹುಳು ಇಲ್ಲ, ಟೀವಿ ಇದೆ. ಅದು ಒಳ್ಳೆಯದೇ ಆಯಿತು ಎಂದು ಹೆಂಗಸಾಗಿ ನಾನು ಹೇಳಬಲ್ಲೆ. ಆ ಕಾಲ ಚೆನ್ನಾಗಿತ್ತು ಎಂದು ಯಾರಾದರೂ ಕಣ್ಣರಳಿಸಿದರೆ ನನಗೆ ರೇಗುತ್ತದೆ.

ಹೋದ ಅವರೆ ಕಾಲದಲ್ಲಿ ನಾವಿಬ್ಬರೂ ಮುಂದೆ ಮೊರ ಇಟ್ಟುಕೊಂಡು ನೆನೆದ ಕಾಳು ಹಿತುಕುತ್ತಾ ಕೂತಿದ್ದೆವು. ಏನನ್ನಿಸಿತೋ, ಎಲ್ಲವನ್ನೂ ಹೇಳಿಬಿಟ್ಟೆ. ವೆಂಕಟರಮಣಪ್ಪ ಬಂದದ್ದು, ಅವ್ವ ರಟ್ಟೆ ಹಿಡಿದದ್ದು, ಒಗ್ಗರಣೆ ಯಾಕೆ ಹಾಕಿದ್ದೆಂಬುದು. ಹೇಳಿ ಮುಗಿಸುವಾಗ ಐವತ್ತರ ಹತ್ತಿರದ ಹೆಂಗಸು ಐದನೇ ಕ್ಲಾಸಿನವಳ ಹಾಗೆ ಬಿಕ್ಕುತ್ತಿದ್ದೆ. ಅಮ್ಮನ ಕೈ ನಿಲ್ಲಲಿಲ್ಲ. ಕಾಳು ಸಿಪ್ಪೆಯಿಂದ ಜಾರಿ ಮೊರಕ್ಕೆ ಬೀಳುತ್ತಲೇ ಇತ್ತು.

"ಗೊತ್ತಿತ್ತು ಕಣೇ," ಎಂದಳು. "ಎಂಕಟ್ರಮಣಪ್ಪನ್ನ ನಾನು ಕಿಟಕಿ ಬಲೇಲೇ ನೋಡ್ದೆ. ಯಲ್ದೂರಿಂದ ಅಷ್ಟು ದೂರ ಅವ್ನು ಸುಮ್ಸುಮ್ನೆ ಬರ್ತಾನಾ?"

"ಮತ್ತೆ ನನ್ನ ಯಾಕಮ್ಮ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ. ಹೇಳಿದ್ರೆ ನಾನು ಹೋಗ್ಬೇಕಾಗ್ತಿತ್ತು. ಹೋಗಿ, ಆ ಹುಳ ಏನಾದ್ರೂ ಸತ್ತಿದ್ರೆ, ಆ ಮನೇಲಿ ನಾನು ಇರೋದಾದ್ರೂ ಹೆಂಗೆ? ನಮ್ಮಮ್ಮ ಮೂರು ದಿನ ತಡೀತಾಳೆ ಅಂದ್ಕೊಂಡೆ."

"ತಡೆದ್ಲಲ್ಲಮ್ಮ."

"ಹೂಂ. ತಡೆದ್ಲು."

ಮೂವತ್ತೈದು ವರ್ಷ ನಾನು ಅಮ್ಮನಿಗೆ ಮಾಡಿದ ಮೋಸವೆಂದು ಹೊತ್ತುಕೊಂಡು ತಿರುಗಿದ್ದನ್ನು, ಅವಳು ತನ್ನ ಅಮ್ಮನಿಗೆ ಮಾಡಿದ ಮೋಸವೆಂದು ಹೊತ್ತುಕೊಂಡಿದ್ದಳು, ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಬಡಿಸಿಕೊಂಡು. ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ. ಅವಳು ನನ್ನ ಕಡೆ ನೋಡದೆ ಕೇಳಿದಳು:

"ಏನ್ ಹೇಳಕ್ಕೆ ಕರೆದಿದ್ಲೋ, ಅದೇನಾದ್ರೂ ಎಂಕಟ್ರಮಣಪ್ಪ ಹೇಳಿದ್ನೇನೇ? ಸ್ವಲ್ಪ ಜ್ಞಾಪಿಸ್ಕೊಂಡು ನೋಡು."