ಚಾಂದಮಾರಿಯ ಕೆಳಗಿನ ಬಾವಿ

ನಾನು ಪದವಿ ಮುಗಿಸುವುದು ಆಗದ ಮಾತು ಎಂದವರು ಬೇರೆ ಯಾರೂ ಅಲ್ಲ, ನಮ್ಮ ಕಾಕಾ, ಅಪ್ಪನ ಸ್ವಂತ ತಮ್ಮ. "ನಮ್ಮ ಮನ್ಯಾಗ ಹತ್ತನೇ ಕ್ಲಾಸ್ ದಾಟಿದವ್ರಿಲ್ಲ, ಈಕಿ ಬಿ.ಎಸ್ಸಿ. ಮಾಡ್ತಾಳಂತ!" ಎಂದು ಊಟಕ್ಕೆ ಕೂತಾಗಲೆಲ್ಲ ನಗುತ್ತಿದ್ದರು.

ಮೊನ್ನೆ, ನಾನೀಗ ಇರುವ ಕಾಮೋಠೆಯ ಮಾರ್ಕೆಟ್ಟಿನಲ್ಲಿ ಪುಂಡಿಪಲ್ಲೆಯ ಕಟ್ಟು ಕಂಡಿತು. ಇಲ್ಲಿಯ ಮರಾಠಿಯವರು ಅದನ್ನು ಅಂಬಾಡಿ ಅನ್ನುತ್ತಾರೆ. ಒಂದು ಎಲೆ ಮುರಿದೆ. ಆ ಹುಳಿ ವಾಸನೆ ಮೂಗಿಗೆ ತಾಕಿದ್ದೇ ತಡ, ಕಾಕಾನ ಜೊತೆ ನಗದೇ ಇದ್ದ ಒಬ್ಬಳೇ ಒಬ್ಬಳು ಕಣ್ಣ ಮುಂದೆ ಬಂದು ನಿಂತಳು...

ಆಕೆ ನಮಗೆ ನೆಂಟರವಳಲ್ಲ, ಪಕ್ಕದ ಮನೆಯ ಮುದುಕಿ. ನಮ್ಮ ಹಾಗೆ ಕಲಬುರಗಿ ಕಡೆಯಿಂದ ಕೂಲಿಗೆ ಬಂದು ಇಲ್ಲಿಯ ಕಲ್ಯಾಣದಾಚೆಯ ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿದವಳು. ಇಡೀ ಗಲ್ಲಿಗೆ ಆಕೆ ಆಯಿ.

ನಮ್ಮ ಗಲ್ಲಿಯ ಹಿಂದೆ ಚಾಂದಮಾರಿ ಇತ್ತು. ಎಂದರೆ ಸಿಪಾಯಿಗಳು ಬಂದೂಕಿನ ಗುರಿ ಕಲಿಯುವ ಬಯಲು. ಬಯಲಿನ ಕೊನೆಗೆ ದೊಡ್ಡ ಮಣ್ಣಿನ ದಿಬ್ಬ, ಗುಂಡುಗಳೆಲ್ಲ ಅದರ ಹೊಟ್ಟೆಗೆ. ಕೆಂಪು ಬಾವುಟ ಏರಿದ ದಿನ ನಾವು ಆ ಕಡೆ ಹಾಯುವಂತಿರಲಿಲ್ಲ. ಆಯಿ ಮಾತ್ರ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತ ಸದ್ದು ಕೇಳಿಯೇ ತೀರ್ಪು ಕೊಡುತ್ತಿದ್ದಳು: "ಇವತ್ತ ಹೊಸಾ ಹುಡುಗೂರು ಬಂದಾರ ನೋಡು. ಗುಂಡು ಯಾವ್ದೂ ಗುರಿಗಿ ಬೀಳವಲ್ದು, ಎಲ್ಲಾ ಗುಡ್ಡಕ್ಕ ಬೀಳ್ಲತ್ತಾವ!"

ಆ ದಿಬ್ಬದಿಂದ ಮಳೆನೀರು ಹರಿದು ಬರುವ ಜಾಗದಲ್ಲಿ ಆಯಿ ಮತ್ತು ಆಕೆಯ ಗಂಡ ಸೇರಿ ತೋಡಿದ ಬಾವಿ ಇತ್ತು. ಆಳವಿಲ್ಲ, ಹಗ್ಗ ನಾಲ್ಕು ಮಾರು ಸಾಕು. ನಲ್ಲಿ ಕೈಕೊಟ್ಟ ದಿನ ಇಡೀ ಗಲ್ಲಿ ಅದನ್ನೇ ಕುಡಿಯುತ್ತಿತ್ತು. ಬಾವಿಯ ಪಕ್ಕದಲ್ಲೇ ಪುಂಡಿಪಲ್ಲೆಯ ಮಡಿ. ಗಂಡ ಬೇಗ ಹೋಗಿಬಿಟ್ಟ, ಬಾವಿ ಉಳಿಯಿತು. "ನನ್ನ ಬಾವಿ ನೀರಾಗ ತೊಗರಿಬ್ಯಾಳಿ ಒಂದ ಕುದಿಗಿ ಬೆಣ್ಣಿ ಆಗ್ತದ" ಎಂಬುದು ಆಕೆಯ ಹೆಮ್ಮೆ. ಊರಿನಲ್ಲಿ ಹೊಲ ಇದ್ದವರು ಹೊಲದ ಮಾತು ಆಡುತ್ತಾರಲ್ಲ, ಹಾಗೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಅದೇ ನೀರನ್ನು. ಗುಂಡಿನಲ್ಲಿ ಸೀಸ ಇರುತ್ತದೆ, ವರ್ಷಗಟ್ಟಲೆ ಮಣ್ಣಿನಲ್ಲಿ ಕೂತರೆ ಅದು ಕರಗಿ, ಮಣ್ಣಿನ ಕಣಗಳಿಗೆ ಅಂಟಿ ಮಳೆಯ ಜೊತೆ ಕೆಳಗಿಳಿಯುತ್ತದೆ ಎಂದು ಡೊಂಬಿವಲಿಯ ಕಾಲೇಜಿನ ಮೇಡಂ ಪಾಠ ಮಾಡುವಾಗ ನನಗೆ ನೆನಪಾದದ್ದು ನಮ್ಮ ದಿಬ್ಬ. ಮೇಡಂ ಕೊಟ್ಟ ಬಾಟಲಿಯನ್ನು ಆಯಿಯ ಕೈಯಲ್ಲಿಟ್ಟು, "ಕಾಲೇಜಿಗೆ ನೀರು ಬೇಕು, ತುಂಬಿಡು" ಎಂದಷ್ಟೇ ಹೇಳಿದೆ. ಮರುದಿನ ಬೆಳಗಿನ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಆಕೆ ಬಟ್ಟೆಯಲ್ಲಿ ಸುತ್ತಿಕೊಟ್ಟದ್ದನ್ನು ಹಾಗೇ ಒಯ್ದೆ.

ಪರೀಕ್ಷೆಯಲ್ಲಿ ಸೀಸದ ಸುಳಿವೇ ಇಲ್ಲ! ಮೇಡಂ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಜೋರು ಮಳೆ, ಒಳಗೆ ನೀರು ಗಾಜಿನಂತೆ. "ಯೇ ಕುಏಂ ಕಾ ಪಾನಿ ಹೈ ಯಾ ದುಕಾನ್ ಕಾ?" ಎಂದರು, ಬಾವಿಯದೋ ಅಂಗಡಿಯದೋ ಎಂದು. ನಿಜವಾದ ಬಾವಿ ನೀರು ತರುವವರೆಗೆ ಸಹಿ ಇಲ್ಲ ಎಂದೂ ಹೇಳಿದರು.

ಮನೆಗೆ ಬಂದು ಆಯಿಯನ್ನು ಕೇಳಿದೆ, ನೀರು ಹೇಗೆ ತುಂಬಿದೆ ಎಂದು.

"ಹೆಂಗಂದ್ರ? ಸಂಜೀಕೇ ಸೇದಿ, ತುರಟಿ ತಿರುವಿಟ್ಟು, ರಾಡಿ ಎಲ್ಲಾ ತಳಕ್ಕ ಕೂತ ಮ್ಯಾಲ ನಾಕ್ ಪದರು ಅರಿವ್ಯಾಗ ಸೋಸೀನಿ. ನಾವು ಸೋಸಲಾರ್ದೇ ಕುಡಿತೀವಿ, ಖರೇ. ಆದ್ರ ಕಾಲೇಜಿಗಿ ರಾಡಿ ನೀರ ಕಳ್ಸಿದ್ರ ನಮ್ಮ ಗಲ್ಲಿ ಮರ್ಯಾದಿ ಏನ್ ಉಳೀತದ?"

ಪಟಿಕದ ಕಲ್ಲು ತಿರುವಿ ನೀರು ತಿಳಿ ಮಾಡಿ ಕಳಿಸಿದ್ದಳು! ನಾನು ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಇದ್ದದ್ದನ್ನು ಹೇಳಲೇಬೇಕಾಯಿತು. ಆ ರಾಡಿಯಲ್ಲೇ ಸೀಸ ಇರಬಹುದು, ಅದು ಸಣ್ಣ ಮಕ್ಕಳ ಮಿದುಳಿಗೆ ಕೆಟ್ಟದ್ದು, ಇದೆ ಎಂದು ಗೊತ್ತಾದರೆ ಬಾವಿ ಮುಚ್ಚಬೇಕಾಗುತ್ತದೆ. ಆಯಿಯ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಎದ್ದು ಒಳಗೆ ಹೋದಳು. ನನ್ನ ಡಿಗ್ರಿ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆಕೆಯನ್ನು ಒತ್ತಾಯ ಮಾಡುವ ಬಾಯಿ ನನಗೆಲ್ಲಿತ್ತು...

ಬೆಳಿಗ್ಗೆ ಆಯಿಯೇ ಕೂಗಿದಳು. ನನ್ನ ಕಣ್ಣೆದುರೇ ಕೊಡ ಸೇದಿ, ಕೆಂಪಗಿನ ನೀರನ್ನು ಹಾಗೇ ಬಾಟಲಿಗೆ ಸುರಿದಳು. "ತಗೋ. ಮಾರಿ ತೊಳೀಲಾರ್ದೇ ಫೋಟೋ ತೆಗ್ಸಿದಂಗ ಆಯ್ತು!"

ಈ ಸಲ ಸೀಸ ಸಿಕ್ಕಿತು, ಇರಬಾರದಷ್ಟು.

ಯಾರೂ ಬಂದು ಹೇಳುವ ಮೊದಲೇ ಆಯಿ ಬಾವಿಯ ಮೇಲೆ ತಗಡಿನ ಪತ್ರಾ ಹೊದಿಸಿ ಕಲ್ಲು ಹೇರಿದಳು, ಪುಂಡಿಯ ಮಡಿಯನ್ನೂ ಕಿತ್ತುಹಾಕಿದಳು. ನಲ್ಲಿಗೆ ದೂರ ನಡೆಯಬೇಕಾದ ಹೆಂಗಸರು ನನ್ನ ಮೇಲೆ ಹರಿಹಾಯ್ದಾಗ ನಡುವೆ ಬಂದು ನಿಂತಳು: "ಬೈಯೋದಿದ್ರ ನನಗ ಬೈರಿ. ಬಾವಿ ನಂದು, ಹುಡುಗೂರು ಎಲ್ಲಾರವು." ಆಮೇಲೆ ಕಲ್ಯಾಣದ ಮಂಡಿಯಿಂದ ಪುಂಡಿ ತಂದು, "ಇದಕ್ಕ ಹುಳೀನೂ ಇಲ್ಲ, ನಾಚ್ಕೀನೂ ಇಲ್ಲ" ಎಂದು ವರ್ಷಪೂರ್ತಿ ಬೈದುಕೊಂಡೇ ತಿಂದಳು.

ಪ್ರಾಜೆಕ್ಟ್ ಪಾಸಾಯಿತು, ಎರಡು ವಿಷಯ ಬಾಕಿ ಉಳಿದವು. ಹಗಲು ತುರ್ಭೆಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ರೈಲಿನಲ್ಲಿ ಓದು. ಒಂದೊಂದಾಗಿ ಮುಗಿಸಿದೆ. ಅಷ್ಟರಲ್ಲಿ ಆಯಿ ಹೋಗಿಬಿಟ್ಟಿದ್ದಳು. ಎರಡು ದಿನದ ಜ್ವರ, ಅಷ್ಟೇ... ನಾನು ಆ ದಿನ ಪರೀಕ್ಷೆಯ ಕೋಣೆಯಲ್ಲಿದ್ದೆ.

ನಿನ್ನೆ ಕಾಲೇಜಿನ ಕಿಟಕಿಯಲ್ಲಿ ಕ್ಲರ್ಕ್ ಸಹಿ ಮಾಡಿಸಿಕೊಂಡು ಸರ್ಟಿಫಿಕೇಟ್ ಕೈಗೆ ಕೊಟ್ಟರು. ಕರಿ ಗೌನಿಲ್ಲ, ಚಪ್ಪಾಳೆಯಿಲ್ಲ. ನೇರ ಗಲ್ಲಿಗೆ ಹೋಗಿ ಅವ್ವನ ಕೈಯಲ್ಲಿಟ್ಟೆ. ಅವ್ವನಿಗೆ ಓದು ಬರುವುದಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದು, ಮೇಲಿಂದ ಕೆಳಗಿನತನಕ ನೋಡಿ, ತಿರುಗಿ ನನಗೇ ಕೊಟ್ಟಳು.

"ಮದಲ ಆಯಿ ಮನಿಗಿ ಒಯ್ದು ಅಕಿ ಫೋಟೋದ ಮುಂದ ಇಟ್ಟು ಬಾ. ನಿನ್ನ ಓದಿಗಿ ನಾವು ಬರೇ ಬುತ್ತಿ ಕಟ್ಟೀವಿ. ಬಾವಿ ಬಿಟ್ಟುಕೊಟ್ಟಾಕಿ ಅಕಿ."