ಮಿಸ್ ಕ್ರೇಗ್ ಅವರ ಅಜ್ಜಿಯನ್ನು ಹುಡುಕಿದ ಬೇಸಿಗೆ

ಲಿವೋನಿಯಾದ ನಮ್ಮ ಹೊಸ ಬಡಾವಣೆಯಲ್ಲಿ ಮೇಪಲ್ ಗಿಡಗಳನ್ನು ಇನ್ನೂ ಕೋಲಿಗೆ ಕಟ್ಟಿ ನಿಲ್ಲಿಸಿದ್ದ ಕಾಲ ಅದು. ಮರ ಅನ್ನುವಂಥದ್ದು ಇದ್ದದ್ದು ಪಕ್ಕದ ಮನೆಯ ಮಿಸ್ ಕ್ರೇಗ್ ಅವರ ಹಿತ್ತಲಲ್ಲಿ ಮಾತ್ರ, ಒಂದು ಸೇಬಿನ ಮರ. ಡೆಟ್ರಾಯಿಟ್ ಸುತ್ತಮುತ್ತ ಕನ್ನಡದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕರಿಬೇವು ಕನಸು. ಹುಣಸೆಹಣ್ಣು ಊರಿಂದ ಬಂದವರ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಬರುತ್ತಿತ್ತು. ಆಮೇಲೆ ಆ ಸೀರೆಯೂ ಹುಳಿಹುಳಿ ವಾಸನೆ ಹೊಡೆಯುತ್ತಿತ್ತು.

ನನಗೆ ಆಗ ಹತ್ತು ವರ್ಷ. ಮೈಸೂರಿನ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಂದವಳನ್ನು ಅಪ್ಪ ಇಲ್ಲೂ ಹುಡುಕಿ ಹುಡುಕಿ ನನ್‌ಗಳ ಸ್ಕೂಲಿಗೇ ಸೇರಿಸಿದ್ದರು. ದೇಶ ಬದಲಾದರೂ ಡಿಸಿಪ್ಲಿನ್ ಬದಲಾಗಬಾರದು ಅಂತ ಅವರ ಥಿಯರಿ. ಮೈಸೂರಿನ ಸಿಸ್ಟರ್‌ಗಳು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಕರ್ಸಿವ್ ತಿದ್ದಿಸಿ ತಿದ್ದಿಸಿ ನನ್ನ ಕೈ ಪಳಗಿಸಿದ್ದರು. ಎಂಥ ಸುರುಳಿ ಅಕ್ಷರವನ್ನಾದರೂ ಸಲೀಸಾಗಿ ಓದುತ್ತಿದ್ದೆ. ಆ ಬೇಸಿಗೆ ರಜದಲ್ಲಿ ಅದೇ ನನಗೊಂದು ಕೆಲಸ ಕೊಡಿಸಿತು.

ಮಿಸ್ ಕ್ರೇಗ್ ರಿಟೈರ್ ಆಗಿದ್ದ ಟೀಚರ್. ಮದುವೆಯಾಗಿರಲಿಲ್ಲ. ಎರಡು ಕಣ್ಣಿಗೂ ಪೊರೆ. ಆಗಸ್ಟ್ ಕೊನೆಗೆ ಮನೆ ಮಾರಿ ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ತಮ್ಮನ ಮಗಳ ಮನೆ ಸೇರುವುದು ಅಂತ ನಿಶ್ಚಯವಾಗಿತ್ತು. ಅಷ್ಟರೊಳಗೆ ಅವರಿಗೆ ಒಂದು ಕೆಲಸ ಮುಗಿಯಬೇಕಿತ್ತು. ಸ್ಕಾಟ್ಲೆಂಡಿನಿಂದ ಬಂದ ಅವರ ಅಜ್ಜಿ, ಅಪ್ಪನ ತಾಯಿ, ಡೆಟ್ರಾಯಿಟ್‌ನಲ್ಲೇ ಎಲ್ಲೋ ಮಣ್ಣಾಗಿದ್ದರು. ಆಗ ಅವರಪ್ಪನಿಗೆ ಎರಡೋ ಮೂರೋ ವರ್ಷ. ತಾತ ವಿಲಿಯಂ ಇನ್ನೊಂದು ಮದುವೆಯಾದರು, ಮೊದಲನೆಯವಳ ಮಾತೇ ಆ ಮನೆಯಲ್ಲಿ ನಿಂತುಹೋಯಿತು. ಅಪ್ಪ ಬಾಯಿಬಿಟ್ಟು ಹೇಳಿದ್ದು ಮಾರ್ಗರೆಟ್ ಅನ್ನುವ ಹೆಸರು ಅಷ್ಟೆ. ಸಾಯುವ ಕಾಲಕ್ಕೆ ಆ ಮುದುಕ ಮಗಳ ಕೈ ಹಿಡಿದುಕೊಂಡು, ನನ್ನ ತಾಯಿ ಎಲ್ಲಿದ್ದಾಳೆ ನೋಡು, ಅಂದಿದ್ದರಂತೆ.

"ಐ ಪ್ರಾಮಿಸ್ಡ್ ಹಿಮ್," ಅಂದರು ಮಿಸ್ ಕ್ರೇಗ್ ಬೇಲಿಯ ಆಚೆಯಿಂದ. "ನಿನ್ನ ಕಣ್ಣು ಸ್ವಲ್ಪ ಸಾಲ ಕೊಡ್ತೀಯಾ, ಹನಿ?"

ಅಮ್ಮನಿಗೆ ಮೊದಲು ಅನುಮಾನ. "ಹೆಣ್ಣುಮಗು, ಸ್ಮಶಾನದ ಲೆಕ್ಕ ಓದೋದು ಅಂದ್ರೆ!"

"ಪುಸ್ತಕ ತಾನೆ," ಅಂದರು ಅಪ್ಪ ಪೇಪರಿನ ಹಿಂದಿನಿಂದ. "ಹ್ಯಾಂಡ್‌ರೈಟಿಂಗ್ ಪ್ರಾಕ್ಟೀಸ್ ಆಗತ್ತೆ, ಹೋಗಲಿ ಬಿಡು."

ವಾರಕ್ಕೆ ಎರಡು ದಿನ, ಅವರ ಹಸಿರು ಕಾರಿನಲ್ಲಿ, ಇಪ್ಪತ್ತು ಮೈಲಿ. ಕಣ್ಣು ಮಂಜಾಗಿದ್ದವರು ಹೇಗೆ ಡ್ರೈವ್ ಮಾಡುತ್ತಿದ್ದರೋ. ಆಗ ಯಾರೂ ಕೇಳಲಿಲ್ಲ. ಡೆಟ್ರಾಯಿಟ್‌ನ ಹಳೇ ಭಾಗದಲ್ಲಿ ಸ್ಕಾಟ್ಲೆಂಡಿನವರು ಕಟ್ಟಿಕೊಂಡಿದ್ದ ಒಂದು ಚರ್ಚು, ಅದರ ನೆಲಮಾಳಿಗೆ. ಒದ್ದೆ ಕಾಗದ, ಸೀಮೆಎಣ್ಣೆಯಂಥದೇನೋ, ಹಳೇ ಉಣ್ಣೆ ಕೋಟು, ಮೂರೂ ಸೇರಿದ ವಾಸನೆ. ಆಳೆತ್ತರದ ಬೀರುವಿನಲ್ಲಿ ಸತ್ತವರ ಹೆಸರು ಬರೆದಿಟ್ಟ ಎಂಟು ರಿಜಿಸ್ಟರ್. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಮುದುಕರು, ಮಿಸ್ಟರ್ ರೀಡ್. ಬೀಗ ತೆಗೆದುಕೊಟ್ಟು ಕುರ್ಚಿಯಲ್ಲಿ ಕೂತರೆ ಅವರು ಮಾತಿಲ್ಲದ ಮನುಷ್ಯ.

ಹೆಸರುಗಳು ಅಕ್ಷರದ ಪ್ರಕಾರ ಇರಲಿಲ್ಲ, ಸತ್ತ ದಿನದ ಪ್ರಕಾರ ಇದ್ದವು. ಹೀಗಾಗಿ ಮಿಸ್ ಕ್ರೇಗ್ ಒಂದು ಮೆಥಡ್ ಮಾಡಿದ್ದರು. "ಹೆಸರಿನ ಕಾಲಂ ಮಾತ್ರ ನೋಡು. ಕ್ರೇಗ್ ಅಂತ ಕಂಡರೆ ನಿಲ್ಲು. ಇಲ್ಲದಿದ್ದರೆ ಮುಂದೆ ಹೋಗು. ಬೇರೇನೂ ಓದಬೇಡ, ಟೈಮ್ ಇಲ್ಲ."

ನಾನು ಕಾನ್ವೆಂಟ್ ಹುಡುಗಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದೇ ನನ್ನ ಮಟ್ಟಿಗೆ ಬುದ್ಧಿವಂತಿಕೆ. ಎಡಗೈ ತೋರುಬೆರಳನ್ನು ಕಾಲಂ ಮೇಲಿಟ್ಟು ಇಳಿಸುತ್ತಾ ಹೋಗುತ್ತಿದ್ದೆ. ಬಲಗೈಯಲ್ಲಿ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ. ಕೈ ಬದಲಾಯಿಸಿದಾಗ ಪುಟದ ಅಂಚಿನಲ್ಲಿ ಸಣ್ಣ ಎಣ್ಣೆ ಚುಕ್ಕೆ ಬೀಳುತ್ತಿತ್ತು. ಮಿಸ್ಟರ್ ರೀಡ್ ಕಡೆ ನೋಡಿ, ಫ್ರಾಕಿಗೆ ಬೆರಳು ಒರೆಸಿಕೊಂಡು ಮುಂದೆ ಹೋಗುತ್ತಿದ್ದೆ.

ಜೂನ್ ಹೋಯಿತು. ಕ್ರೇಗ್‌ಗಳು ಸಿಕ್ಕರು, ಜೇಮ್ಸ್ ಕ್ರೇಗ್, ಒಂದು ಹಸುಗೂಸು ಕ್ರೇಗ್, ಕುದುರೆ ಒದ್ದು ಸತ್ತ ಒಬ್ಬ ಕ್ರೇಗ್. ಮಾರ್ಗರೆಟ್ ಇಲ್ಲ. ಜುಲೈನಲ್ಲಿ ಇನ್ನೊಂದು ಚರ್ಚಿನ ಪುಸ್ತಕಗಳನ್ನೂ ನೋಡಿ ಆಯಿತು. "ನೋ ಲಕ್, ಹನಿ," ಅನ್ನುತ್ತಾ ಕಾರು ಸ್ಟಾರ್ಟ್ ಮಾಡುತ್ತಿದ್ದರು. ದಾರಿಯಲ್ಲಿ ಶಾರ್ಟ್‌ಬ್ರೆಡ್ ಅಂತ ಒಂದು ಬಿಸ್ಕತ್ತು ಕೊಡುತ್ತಿದ್ದರು. ಬಾಯಿಗಿಟ್ಟರೆ ಬೆಣ್ಣೆಯ ಮಣ್ಣು. ಮನೆಗೆ ಬಂದು ನಾನು ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದು ಒಬ್ಬಳೇ ಆಡುತ್ತಿದ್ದೆ. ಅವರು ಕಿಟಕಿಯಲ್ಲಿ ಕೂತು ಡಬ್ಬಗಳಿಗೆ ಸಾಮಾನು ತುಂಬುತ್ತಿದ್ದರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಅಮ್ಮ ಒಂದು ಡಬ್ಬ ಕೋಡುಬಳೆ ತೆಗೆದುಕೊಂಡು ಅವರನ್ನು ಮಾತಾಡಿಸಿಕೊಂಡು ಬರಲು ಹೊರಟರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನೇ ಇಂಟರ್‌ಪ್ರಿಟರ್. ಅಡಿಗೆಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಮೂರು ಕಪ್ಪು ಮಾತ್ರ ಹೊರಗೆ.

"ಹುಡುಕೋದು ನಿಲ್ಲಿಸಿಬಿಟ್ಟೆ," ಅಂದರು ಮಿಸ್ ಕ್ರೇಗ್. "ಇನ್ನು ಹತ್ತು ದಿನದಲ್ಲಿ ಹೊರಡಬೇಕು."

ನಾನು ಹೇಳಿದೆ. ಅಮ್ಮ ಒಂದು ಗುಟುಕು ಚಹಾ ಕುಡಿದರು. ಆಮೇಲೆ, "ಪುಟ್ಟಿ, ಇವರ ಪೋಸ್ಟ್ ಡಬ್ಬದ ಮೇಲೆ ಜೆ. ಜಿ. ಕ್ರೇಗ್ ಅಂತಿದೆಯಲ್ಲ. ಜಿ ಅಂದ್ರೆ ಯಾವೂರು, ಕೇಳು."

"ಅಮ್ಮಾ, ಇವರಿಗೆಲ್ಲ ಹಾಗೆ ಊರಿನ ಹೆಸರು ಇರಲ್ಲ."

"ಊರಿಲ್ಲದ ಇನಿಷಿಯಲ್ ಇರತ್ತೇನೇ? ನಿಮ್ಮಪ್ಪಂಗೆ ಊರದೊಂದು, ತಾತಂದೊಂದು ಇಲ್ವಾ? ದೊಡ್ಡ ಕಾನ್ವೆಂಟಿನೋಳು. ಕೇಳು ಅಂದ್ರೆ ಕೇಳು."

ನಾಚಿಕೆಯಿಂದಲೇ ಕೇಳಿದೆ. ಮಿಸ್ ಕ್ರೇಗ್ ನಕ್ಕರು. ಊರಲ್ಲವಂತೆ. ಜೀನ್ ಗಿಲ್‌ಮೋರ್ ಕ್ರೇಗ್. ಮಧ್ಯದ ಹೆಸರು ಅಪ್ಪ ಇಟ್ಟದ್ದು. ಹೆಣ್ಣುಮಗುವಿಗೆ ಇದೆಂಥ ಹೆಸರು ಅಂತ ಅವರ ತಾಯಿ ಜಗಳ ಆಡಿದ್ದರಂತೆ. ಡ್ಯಾಡಿ ಅದೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲವಂತೆ.

"ಯಾಕಂತೆ?" ಅಮ್ಮ ಕೇಳಿದರು.

"ಐ ನೆವರ್ ಆಸ್ಕ್ಡ್."

"ಇನ್ಯಾಕೆ," ಅಮ್ಮ ಕಪ್ಪು ಕೆಳಗಿಟ್ಟರು. "ಅದು ಅವರಮ್ಮನ ತವರಿನ ಹೆಸರಿರಬೇಕು. ಬಾಯಲ್ಲಿ ಹೇಳೋ ಹಾಗಿರಲಿಲ್ಲ, ಚಿಕ್ಕಮ್ಮ ಮನೇಲಿದ್ರು. ಮಗಳ ಹೆಸರಲ್ಲಿ ಬಚ್ಚಿಟ್ಟಿದ್ದಾರೆ. ಆ ಹೆಸರಲ್ಲಿ ನೋಡಿದ್ರಾ, ಕೇಳು."

ಮಿಸ್ ಕ್ರೇಗ್ ನಂಬಲಿಲ್ಲ. ಮದುವೆಯಾಗಿ ಮಗುವಾಗಿದ್ದ ಹೆಂಗಸನ್ನು ಯಾರಾದರೂ ಹಳೇ ಹೆಸರಲ್ಲಿ ಯಾಕೆ ಬರೆಯುತ್ತಾರೆ ಅಂದರು. ಆಗ ಅಮ್ಮ ತಮ್ಮ ಕಥೆ ಹೇಳಿದರು. ಅಮ್ಮನ ಪಾಸ್‌ಪೋರ್ಟಿನಲ್ಲಿರುವುದು ಶಾರದಾ. ಅದು ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಅಪ್ಪನ ಕೈಯಲ್ಲಿ ಉಂಗುರದಿಂದ ಬರೆಸಿದ ಹೆಸರು. ಹುಟ್ಟಿದ ಮನೆಯಲ್ಲಿ ಅವರು ನಾಗರತ್ನ. ನನ್ನ ಸೋದರಮಾವನ ಕಾಗದ ಇವತ್ತಿಗೂ ಬರುವುದು ಆ ಹೆಸರಿಗೇ.

"ಸಾವು ಬರೆಸಿದ್ದು ಯಾರು ಅನ್ನೋದರ ಮೇಲಿದೆ," ಅಂದರು ಅಮ್ಮ. "ನಾಳೆ ನಾನು ಸತ್ತರೆ ನಮ್ಮಣ್ಣ ನಾಗರತ್ನಾ ಅಂತಲೇ ಅಳೋದು."

ಆ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಇಫ್ ಸಮ್‌ಥಿಂಗ್ ಹ್ಯಾಪನ್ಸ್, ಅಂದುಬಿಟ್ಟೆ. ಆದರೂ ಮಿಸ್ ಕ್ರೇಗ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಮಾರನೆಯ ದಿನ ಅಮ್ಮನೂ ಬಂದರು, ಸೀರೆ ಉಟ್ಟುಕೊಂಡು, ಹಿಂದಿನ ಸೀಟಿನಲ್ಲಿ. ಮೊದಲು ನೋಡಿದ್ದ ಚರ್ಚಿನ ಎರಡನೇ ರಿಜಿಸ್ಟರಿನಲ್ಲೇ ಸಿಕ್ಕಿತು, ಅರ್ಧ ಗಂಟೆಯೂ ಆಗಿರಲಿಲ್ಲ. ಮಾರ್ಗರೆಟ್ ಗಿಲ್‌ಮೋರ್, ಇಪ್ಪತ್ತಾರು ವರ್ಷ. ಕೊನೆಯ ಕಾಲಂನಲ್ಲಿ, ವಿಲಿಯಂ ಕ್ರೇಗ್‌ನ ಹೆಂಡತಿ. ಅದರ ಕೆಳಗೆ, ತಿಳಿಸಿದವರು ಅಣ್ಣ. ಸಮಾಧಿಯ ಸಾಲು ಹದಿನಾಲ್ಕು.

ಆ ಸಾಲಿನ ಅಂಚಿನಲ್ಲೇ ನನ್ನ ಎಣ್ಣೆ ಚುಕ್ಕೆ ಇತ್ತು.

ಜೂನ್‌ನಲ್ಲಿ ನಾನು ಅವಳ ಮೇಲೆ ಬೆರಳಿಟ್ಟಿದ್ದೆ. ಮೂರಂಗುಲ ಬಲಕ್ಕೆ ಓದಿದ್ದರೆ ಆಗುತ್ತಿತ್ತು. ಓದಬೇಡ ಅಂದಿದ್ದರು, ಓದಲಿಲ್ಲ. ಆ ಚುಕ್ಕೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

"ಸ್ಕಾಟ್ಲೆಂಡಿನಿಂದ ಹೊಸದಾಗಿ ಬಂದವರು ಹೆಂಗಸರನ್ನು ಹೀಗೇ ಬರೆಸುತ್ತಿದ್ದರು, ಹುಟ್ಟಿದ ಹೆಸರಲ್ಲೇ," ಅಂದರು ಮಿಸ್ಟರ್ ರೀಡ್ ಕುರ್ಚಿಯಿಂದ.

"ಇದನ್ನು ಜೂನ್‌ನಲ್ಲಿ ಹೇಳಬಹುದಿತ್ತಲ್ಲ?" ಮಿಸ್ ಕ್ರೇಗ್ ದನಿ ಟೀಚರಿನದಾಗಿತ್ತು.

"ನೀವು ಕೇಳಲಿಲ್ಲ, ಮ್ಯಾಡಮ್."

ಸಮಾಧಿಗಳಿದ್ದದ್ದು ಎರಡು ಮೈಲಿ ಆಚೆ. ಸಾಲು ಹದಿನಾಲ್ಕು ಬೇಲಿಯ ಪಕ್ಕ. ಕಲ್ಲು ನಿಲ್ಲಿಸಿರಲಿಲ್ಲ. ಹುಲ್ಲಿನಲ್ಲಿ ಅಂಗೈಯಷ್ಟಗಲದ ಒಂದು ಬಿಲ್ಲೆ, ಮೇಲೆ ನಂಬರು ಅಷ್ಟೆ. ಮಿಸ್ ಕ್ರೇಗ್ ಅದರ ಮುಂದೆ ನಿಂತರು. ಅಳಲಿಲ್ಲ. "ವೆಲ್, ಡ್ಯಾಡಿ, ಹಿಯರ್ ಶಿ ಈಸ್," ಅಂದರು, ಪೋಸ್ಟ್ ಬಂತು ಅನ್ನುವ ಹಾಗೆ.

ಅಮ್ಮ ನನ್ನ ಕಿವಿಯಲ್ಲಿ ಕೇಳಿದರು, "ಗಂಡ ಇದ್ದಾಗಲೇ ಹೋದವಳಲ್ವಾ?"

"ಹೂಂ."

ಅಮ್ಮ ಬಗ್ಗಿ, ವ್ಯಾನಿಟಿ ಬ್ಯಾಗಿನಿಂದ ಭರಣಿ ತೆಗೆದು, ಆ ನಂಬರಿನ ಬಿಲ್ಲೆಗೆ ಅರಿಸಿನ ಕುಂಕುಮ ಹಚ್ಚಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ವಾಟ್ ಈಸ್ ದಟ್, ಹನಿ?"

"ಇಟ್ ಈಸ್ ಫಾರ್ ಮ್ಯಾರೀಡ್ ಲೇಡೀಸ್," ಅಂದೆ.

ಮಿಸ್ ಕ್ರೇಗ್ ಬಗ್ಗಿ ಬಿಲ್ಲೆಯನ್ನು ಹತ್ತಿರದಿಂದ ನೋಡಿದರು. "ಅವಳಿಗೆ ಇಷ್ಟು ವರ್ಷದಲ್ಲಿ ಯಾರೂ ಏನೂ ತಂದಿರಲಿಲ್ಲ," ಅಂದರು.

ವಾಪಸ್ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತೆ. "ಅಮ್ಮಾ, ಮೈಸೂರಜ್ಜೀದೂ ಹೆಸರು ಬದಲಾಯಿಸಿದ್ರಾ?" ಮೈಸೂರಜ್ಜಿ ಅಂದರೆ ಅಪ್ಪನ ತಾಯಿ, ಸಾವಿತ್ರಮ್ಮ.

"ಬದಲಾಯಿಸದೆ ಇರ್ತಾರಾ?"

"ಮೊದಲು ಏನಿತ್ತು?"

"ನಂಗೇನು ಗೊತ್ತೇ. ನಾನು ಬರೋ ಹೊತ್ತಿಗೆ ಸಾವಿತ್ರಮ್ಮನೇ. ಮುಂದಿನ ಕಾಗದದಲ್ಲಿ ಕೇಳೋಣ."

ಮೈಸೂರಿಗೆ ಮುಂದಿನ ಏರೋಗ್ರಾಮ್ ಕಾಗದ ನಾನೇ ಬರೆದೆ. ನನ್ನ ಮಾರ್ಕ್ಸು, ಮಿಸ್ ಕ್ರೇಗ್ ಹೊರಟುಹೋದದ್ದು, ಅವರು ಬಿಟ್ಟುಹೋದ ಸೇಬಿನಲ್ಲಿ ಅಮ್ಮ ಉಪ್ಪಿನಕಾಯಿ ಹಾಕಿದ್ದು, ಎಲ್ಲ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಮಡಿಸಿ ಅಂಟಿಸುವ ಅಂಚಿನಲ್ಲಿ ಒಂದು ಸಾಲು ಹಿಡಿಯುತ್ತಿತ್ತೇನೋ. ಆಮೇಲೆ ಬರೆದರಾಯಿತು ಅಂದುಕೊಂಡೆ. ಮರುವರ್ಷ ಚಳಿಗಾಲದಲ್ಲಿ ಅಜ್ಜಿ ಹೋದರು ಅಂತ ಟೆಲಿಗ್ರಾಮ್ ಬಂತು. ಎಲ್ಕ್ ಗ್ರೋವ್‌ನಿಂದ ನಾಲ್ಕು ಕ್ರಿಸ್‌ಮಸ್‌ಗೆ ಕಾರ್ಡು ಬಂತು, ಐದನೆಯದಕ್ಕೆ ಬರಲಿಲ್ಲ.

ಈಗ ನಾನು ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಪ್ಪ, ಅಮ್ಮ, ಸೋದರಮಾವ, ಕೇಳಬಹುದಾಗಿದ್ದವರು ಯಾರೂ ಉಳಿದಿಲ್ಲ. ಹೋದ ವಾರ ಮೊಮ್ಮಗಳು ಅನಿಕಾ ಸ್ಕೂಲಿಗೆ ಫ್ಯಾಮಿಲಿ ಟ್ರೀ ಮಾಡುತ್ತಾ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತಳು. ಅವಳ ಕ್ಲಾಸಿನ ಹುಡುಗನೊಬ್ಬ ಸ್ಕಾಟ್ಲೆಂಡಿನ ಆರು ತಲೆಮಾರನ್ನು ಒಂದೇ ಸಂಜೆಯಲ್ಲಿ ತೆಗೆದನಂತೆ, ಮನೆಯಲ್ಲೇ ಕೂತು.

"ಅಜ್ಜಿ, ವಾಟ್ ವಾಸ್ ಯುವರ್ ಗ್ರ್ಯಾಂಡ್‌ಮದರ್ಸ್ ನೇಮ್?"

"ಸಾವಿತ್ರಮ್ಮ. ಆದರೆ ಅದು ಗಂಡನ ಮನೆಯವರು ಇಟ್ಟದ್ದು ಕಣೇ."

"ಸೋ ವಾಟ್ಸ್ ದಿ ರಿಯಲ್ ಒನ್? ಇಲ್ಲಿ ಬರ್ತ್ ನೇಮ್ ಕೇಳ್ತಾ ಇದೆ."

ಅವಳು ಎರಡು ನಿಮಿಷ ಕಾದಳು, ಒಳ್ಳೆಯ ಹುಡುಗಿ. ಆಮೇಲೆ ಅನ್‌ನೋನ್ ಅಂತ ಟೈಪ್ ಮಾಡಿ ಮುಂದಿನ ಚೌಕಕ್ಕೆ ಹೋದಳು.

ಮಾರ್ಗರೆಟ್ ಗಿಲ್‌ಮೋರ್, ಇಪ್ಪತ್ತಾರು ವರ್ಷ, ಎರಡನೇ ರಿಜಿಸ್ಟರ್, ಸಾಲು ಹದಿನಾಲ್ಕು. ರಕ್ತಸಂಬಂಧವೂ ಇಲ್ಲದ, ಭಾಷೆಯೂ ಬೇರೆಯಾದ ಆ ಹೆಂಗಸಿನದು ನನಗೆ ಇವತ್ತಿಗೂ ಬಾಯಿಪಾಠ. ನನ್ನ ತಲೆ ಬಾಚಿ ಜಡೆ ಹೆಣೆಯುತ್ತಿದ್ದ ಅಜ್ಜಿಯನ್ನು ಅವರ ತಾಯಿ ಏನಂತ ಕೂಗುತ್ತಿದ್ದರೋ ಗೊತ್ತಿಲ್ಲ. ಆ ನೀಲಿ ಏರೋಗ್ರಾಮಿನ ಅಂಚಿನಲ್ಲಿ ಒಂದು ಸಾಲಿಗೆ ಜಾಗ ಇತ್ತು.