ಶಮೀಮಕ್ಕ ಫೋನ್ ಮಾಡಿದ್ದರು

ಶಮೀಮಕ್ಕ, ಆ ಭಾನುವಾರ ನೀವು ನನ್ನ ಸುಮಂಗಲಕ್ಕನಿಗೆ ಫೋನ್ ಮಾಡಿದ್ದಿರಿ. ಮಾಡಿದ್ದಿರಿ ಎಂದು ನನಗೆ ಆ ಸಂಜೆಯೇ ಗೊತ್ತಿತ್ತು — ಗೊತ್ತಿತ್ತು ಎಂದರೆ ಪೂರ್ತಿ ಸರಿಯಾಗಲಿಕ್ಕಿಲ್ಲ, ಗೊತ್ತಿರಬೇಕಿತ್ತು ಎನ್ನಲೇ — ಆದರೂ ನಿಮ್ಮ ಮುಂದೆ, ನನ್ನ ಅಕ್ಕನ ಮುಂದೆ, ಫೋನ್ ಸರಿ ಇದೆ ಎಂದುಬಿಟ್ಟೆ. ಅಷ್ಟು ಹೇಳಿ ಸುಮ್ಮನಾದೆ. ನೀವಿಬ್ಬರೂ ಇಷ್ಟು ವರ್ಷ ಒಬ್ಬರನ್ನೊಬ್ಬರು ಸುಳ್ಳುಗಾರ್ತಿ ಎಂದುಕೊಂಡು ಬದುಕಿದಿರಿ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಡುವೆ ನಿಂತಿದ್ದ ನಾನು.

ಇದನ್ನು ಎಲ್ಲಿಂದ ಹೇಳಬೇಕೋ ತಿಳಿಯುತ್ತಿಲ್ಲ. ಹಿಂದಕ್ಕೆ ಹೋದಷ್ಟೂ ತಪ್ಪು ಎಲ್ಲಿ ಶುರುವಾಯಿತು ಎಂಬುದೇ ಕಲಸಿಹೋಗುತ್ತದೆ.

ಬ್ಯಾಡಗಿಯಲ್ಲಿ ನೀವೂ ಸುಮಂಗಲಕ್ಕನೂ ಸೇರಿ ಮಸಾಲಿ ಖಾರ ಮಾಡುತ್ತಿದ್ದ ಆ ಒಂದು ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೆಣಸಿನಕಾಯಿ ಆರಿಸುವುದಕ್ಕೆ ಅಕ್ಕನ ಕಣ್ಣು, ಕೊತ್ತಂಬರಿ ಬೀಜ ಹುರಿಯುವುದಕ್ಕೆ ನಿಮ್ಮ ಕೈ. ರಜೆಯ ದಿನ ನಾನು ಬಂದು ಪ್ಯಾಕೆಟಿಗೆ ಚೀಟಿ ಅಂಟಿಸುತ್ತ ಕೂತಿರುತ್ತಿದ್ದೆ. ಸಂಜೆ ರಾಣೆಬೆನ್ನೂರಿನ ನನ್ನ ಮನೆಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದವರು ಸೀನುತ್ತಿದ್ದರು. ಆರ್ಡರುಗಳೆಲ್ಲ ಬರುತ್ತಿದ್ದದ್ದು ಅಕ್ಕನ ಫೋನಿಗೆ. ಆ ಫೋನು ನಾನು ಬಳಸಿ ಬಿಟ್ಟದ್ದು; ಮಧ್ಯಾಹ್ನವಾಗುವಷ್ಟರಲ್ಲಿ ಬ್ಯಾಟರಿ ಮುಗಿಯುತ್ತಿತ್ತು. ಅಕ್ಕ ಅದನ್ನು ಚಾರ್ಜರಿನ ವೈರಿನ ಸಮೇತ ಹಿಡಿದು ಮಾತಾಡುತ್ತಿದ್ದಳು. "ಸುಮಾ, ನಿನ್ನ ಫೋನಿಗೆ ಬಾಲ ಬಂದೈತಿ," ಎಂದು ನೀವು ನಗುತ್ತಿದ್ದಿರಿ. ಹೊಸದು ಕೊಡಿಸುತ್ತೇನೆ ಎಂದರೆ ಅಕ್ಕ ಬೇಡ ಅಂದಳು. ನಾನೂ ಒತ್ತಾಯಿಸಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಪಠ್ಯದಲ್ಲಿರುವುದನ್ನೇ ವರ್ಷವರ್ಷವೂ ಹೇಳಿ ಬೇಸತ್ತು, ಬಿಡುವಿನಲ್ಲಿ ಫೋನುಗಳ ಒಳಗನ್ನು ಕೆದಕುವ ಹುಚ್ಚು ಹತ್ತಿಸಿಕೊಂಡಿದ್ದೆ. ಫೋನಿನ ಯಂತ್ರಕ್ಕೂ ಅದರಲ್ಲಿರುವ ಆ್ಯಪ್‌ಗಳಿಗೂ ನಡುವೆ ಕರ್ನಲ್ ಎಂಬ ಒಂದು ಪದರ ಇರುತ್ತದೆ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕು, ಯಾವಾಗ ನಿದ್ದೆಗೆ ಜಾರಬೇಕು, ಯಾರು ಕರೆದರೆ ಏಳಬೇಕು — ಎಲ್ಲ ಅದರ ಕೈಯಲ್ಲಿ. ಕಂಪನಿಯವರು ಹಾಕಿದ್ದನ್ನು ತೆಗೆದು, ಹವ್ಯಾಸಿಗಳು ತಿದ್ದಿ ಬರೆದ ಕರ್ನಲ್ ಹಾಕಿಕೊಂಡರೆ ಆ ತೀರ್ಮಾನಗಳನ್ನು ನಾವೇ ಮಾಡಬಹುದು. ಅಕ್ಕನ ಫೋನಿಗೆ ಹಾಗೆ ಮಾಡಿದೆ. ವೇಗ ಇಳಿಸಿದೆ, ವೋಲ್ಟೇಜ್ ಸ್ವಲ್ಪ ತಗ್ಗಿಸಿದೆ, ಪರದೆ ಆರಿದಾಗ ಪ್ರೊಸೆಸರಿನ ಅರ್ಧ ಭಾಗ ಮಲಗುವಂತೆ ಮಾಡಿದೆ. ಬ್ಯಾಟರಿ ಸಂಜೆಯವರೆಗೆ ಬಂತು. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಖಾರ ಕೊಳ್ಳಲು ಬಂದವರಿಗೆಲ್ಲ ಫೋನ್ ತೋರಿಸಿದಳು. "ನಂದಕ್ಕೂ ಮಾಡಿಕೊಡವಾ ಗಿರಿಜಾ," ಎಂದು ನೀವೂ ಕೇಳಿದಿರಿ, ನೆನಪಿರಬಹುದು.

ಅಲ್ಲಿಗೆ ನಿಲ್ಲಿಸಿದ್ದರೆ — ಆದರೆ ನಿಲ್ಲಿಸಲಿಲ್ಲ. ಫೋನು ಸುಮ್ಮನೆ ಬಿದ್ದಿರುವಾಗಲೂ ಚಾರ್ಜ್ ಕರಗುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಫೋನಿನ ಒಳಗಿನ ಭಾಗಗಳು ಆಗಾಗ ಅದನ್ನು ಎಬ್ಬಿಸುತ್ತಲೇ ಇರುತ್ತವೆ. ಆ ಎಬ್ಬಿಸುವ ಕರೆಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದೆ. ಒಂದು ಮಾತ್ರ ನೆಟ್‌ವರ್ಕಿಗೆ ಸಂಬಂಧಪಟ್ಟದ್ದು. ಅದನ್ನು ಮುಚ್ಚಿದರೆ ಕೆಲವು ಫೋನುಗಳಲ್ಲಿ ಕರೆ ಬರದೆ ಹೋಗಬಹುದು ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಓದಿದೆ. ಓದಿಯೂ ಮುಚ್ಚಿದೆ. ಕೆಲವು ಫೋನುಗಳು ಅಂದರೆ ಬೇರೆಯವರ ಫೋನುಗಳು ಎಂದು ಯಾಕೆ ಅಂದುಕೊಂಡೆನೋ.

ಕೆಲವು ದಿನ ಬಿಟ್ಟು ರಾಣೆಬೆನ್ನೂರಿನಿಂದ ಅಕ್ಕನಿಗೆ ಫೋನ್ ಹಚ್ಚಿದೆ. ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಾಗ ತಕ್ಷಣ ಎತ್ತಿದಳು. "ಮೊದಲಿಂದು ಬಂದೇ ಇಲ್ಲ ನೋಡು," ಅಂದಳು. ನೆಟ್‌ವರ್ಕ್ ಇರಬೇಕು ಎಂದೆ. ನನಗೆ ಅನುಮಾನ ಬಂದಿತ್ತೇ? ಬಂದಿತ್ತು ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನು ಆಗಿನದಕ್ಕೆ ಅಂಟಿಸುತ್ತಿದ್ದೇನೋ ಏನೋ.

ಆಮೇಲೆ ಆ ಭಾನುವಾರ. ನಿಮ್ಮ ಮಗಳು ರುಕ್ಸಾರಳನ್ನು ನೋಡಲು ಹಾವೇರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ದಿನವೇ ನೀವು ಅಕ್ಕನಿಗೆ, "ಅವರು ಯಾವಾಗ ಬರ್ತಾರೋ ಗೊತ್ತಿಲ್ಲ. ಹೊಂಟ ಕೂಡ್ಲೆ ನಾ ಫೋನ್ ಮಾಡ್ತೇನಿ, ನೀ ಬಂದ್ಬಿಡು. ಮಂದಿ ಮುಂದ ನನಗ ಮಾತ ಹೊರಡಂಗಿಲ್ಲ," ಅಂದಿದ್ದಿರಿ. ಅಕ್ಕ ಬೆಳಿಗ್ಗೆಯೇ ಜಡೆ ಹೆಣೆದುಕೊಂಡು, ಇಳಕಲ್ ಸೀರೆ ಉಟ್ಟು, ರುಕ್ಸಾರಳಿಗೆಂದು ತಂದಿದ್ದ ಬಳೆಗಳನ್ನು ಚೀಲದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಳು. ಫೋನು ಗೋಡೆಯ ಗೂಡಿನಲ್ಲಿ ಅವಳ ಕೈಗೆಟುಕುವಷ್ಟು ಹತ್ತಿರವಿತ್ತು. ನಾನೂ ಅವತ್ತು ಅಲ್ಲೇ ಇದ್ದೆ.

ಊಟದ ಹೊತ್ತು ದಾಟಿತು. ಅಕ್ಕ ಊಟ ಮಾಡಲಿಲ್ಲ. ಅಲ್ಲೇ ಮಾಡಬೇಕಾಗುತ್ತದೆ ಎಂದಳು. "ನೀನ ಒಮ್ಮೆ ಮಾಡಿ ನೋಡಕ್ಕಾ," ಎಂದೆ. ಅಷ್ಟನ್ನು ನಾನು ಹೇಳಿದ್ದೆ, ಹೌದು. "ನಾ ಮಾಡಿದ್ರ, ಬರ್ಲೇನು ಅಂತ ಕೇಳಿದಂಗ ಆಗತೈತಿ. ಆಕಿನ ಕರೀತೇನಿ ಅಂದಾಳ," ಅಂದಳು.

ಆಗ, ಹಿಂದೆ ಅವಳಿಗೆ ಬಾರದೆ ಹೋದ ನನ್ನ ಕರೆ ನೆನಪಾಯಿತು. ಅಡುಗೆಮನೆಗೆ ಹೋಗಿ ನನ್ನ ಫೋನಿನಿಂದ ಅಕ್ಕನ ನಂಬರಿಗೆ ಒತ್ತಿದೆ. ನನ್ನ ಕಿವಿಯಲ್ಲಿ ರಿಂಗಾಗುತ್ತಿತ್ತು. ಬಾಗಿಲಿನಿಂದ ಇಣುಕಿದರೆ ಗೂಡಿನಲ್ಲಿ ಆ ಫೋನು ಕಪ್ಪಗೆ ಸುಮ್ಮನೆ ಬಿದ್ದಿತ್ತು. ಕಟ್ ಮಾಡಿ ಮತ್ತೆ ಒತ್ತಿದೆ. ಈ ಸಲ ಜೋರಾಗಿ ಬಾರಿಸಿತು. ಅಕ್ಕ ಹಾರಿ ಎದ್ದು ಫೋನ್ ಕೈಗೆತ್ತಿಕೊಂಡಳು. ಅವಳ ಮುಖ ಅರಳಿದ್ದೂ, ನನ್ನ ಹೆಸರು ಕಂಡು ಇಳಿದದ್ದೂ — ಎರಡನ್ನೂ ನೋಡಿದೆ.

"ನೀನ?" ಎಂದಳು.

"ತಪ್ಪಿ ಒತ್ತಿದೆ," ಎಂದೆ.

ಅಲ್ಲಿ ಹೇಳಬಹುದಿತ್ತು. ಅಕ್ಕಾ, ಫೋನು ಹದಗೆಟ್ಟಿದೆ, ನಾನೇ ಕೆಡಿಸಿದ್ದೇನೆ, ಈಗಲೇ ಶಮೀಮಕ್ಕನ ಮನೆಗೆ ಹೋಗು — ಇಷ್ಟೇ ಮಾತು. ನಿಮ್ಮ ಮನೆ ಎರಡು ಓಣಿ ಆಚೆ. ಯಾಕೆ ಹೇಳಲಿಲ್ಲ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಾಚಿಕೆಯೇ? ಅವಳು ಮಂದಿಯ ಮುಂದೆ ನನ್ನನ್ನು ಹೊಗಳಿದ್ದು ನೆನಪಾಯಿತೇ? ಮೊದಲು ಸರಿ ಮಾಡಿಬಿಡೋಣ, ಹೇಳುವುದು ಆಮೇಲೆ ಎಂದುಕೊಂಡದ್ದು ಮಾತ್ರ ನೆನಪಿದೆ. ಚಾರ್ಜಿಗೆ ಹಾಕುತ್ತೇನೆ ಎಂದು ಫೋನ್ ಇಸಿದುಕೊಂಡು ಒಳಕೋಣೆಗೆ ಹೋದೆ. ಹಳೆಯ ಕರ್ನಲ್ ವಾಪಸ್ ಹಾಕಿದೆ. ನನ್ನ ಸೆಟ್ಟಿಂಗುಗಳನ್ನೆಲ್ಲ ಅಳಿಸಿದೆ. ಅದನ್ನು ಅಳಿಸುವಾಗ ನಾನು ಫೋನ್ ರಿಪೇರಿ ಮಾಡುತ್ತಿದ್ದೆನೋ, ನನ್ನ ಕುರುಹು ಒರೆಸುತ್ತಿದ್ದೆನೋ — ಖಚಿತವಾಗಿ ಹೇಳಲಾರೆ. ಎರಡಕ್ಕೂ ಒತ್ತಬೇಕಾದ ಗುಂಡಿ ಒಂದೇ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ನೀವೇ ಬಂದಿರಿ. ಹೊಸ ಸೀರೆಯಲ್ಲಿದ್ದಿರಿ. ಹೊಸ್ತಿಲ ಮೇಲೆ ನಿಂತೇ ಕೇಳಿದಿರಿ.

"ಯಾಕ ಬರಲಿಲ್ಲ ಸುಮಾ? ಬಿಟ್ಟು ಬಿಟ್ಟು ಮೂರು ಸಲ ಫೋನ್ ಮಾಡೇನಿ."

"ಯಾರ ನಂಬರಿಗೆ ಮಾಡೀದಿ? ನನಗ ಒಂದೂ ಬಂದಿಲ್ಲ."

ನೀವು ನಿಮ್ಮ ಫೋನ್ ತೋರಿಸಿದಿರಿ. ಅದರಲ್ಲಿ ಅಕ್ಕನ ಹೆಸರು ಮೂರು ಸಲ ಇತ್ತು. ಅಕ್ಕ ತನ್ನದನ್ನು ತೋರಿಸಿದಳು. ಅದರಲ್ಲಿ ಅವತ್ತಿನ ಕರೆಗಳಲ್ಲಿ ನಿಮ್ಮ ಹೆಸರೇ ಇರಲಿಲ್ಲ. ಇಬ್ಬರೂ ಎರಡೂ ಫೋನುಗಳನ್ನು ನೋಡಿದಿರಿ. ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಗಿರಿಜಾ, ನೀ ಕಲಿತಾಕಿ. ನೋಡಿ ಹೇಳು. ಇದರಾಗ ಏನರ ತಪ್ಪೈತೇನು?"

ನೀವೂ ನನ್ನನ್ನೇ ನೋಡುತ್ತಿದ್ದಿರಿ. ತಪ್ಪು ಇರಲಿ ಎಂದು ಬೇಡಿಕೊಳ್ಳುವಂತೆ ಇತ್ತು ನಿಮ್ಮ ನೋಟ — ಅಥವಾ ನನಗೆ ಹಾಗೆ ಕಂಡಿತು.

"ಇಲ್ಲಕ್ಕಾ. ಫೋನ್ ಸರಿ ಐತಿ."

ಆ ಗಳಿಗೆಯಲ್ಲಿ ಫೋನು ಸರಿಯೇ ಇತ್ತು. ಸರಿ ಮಾಡಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಅಕ್ಷರಕ್ಕೆ ಅಕ್ಷರ ನಿಜವಾದ ಮಾತೊಂದು ಅಷ್ಟು ದೊಡ್ಡ ಸುಳ್ಳಾಗಬಲ್ಲದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಕ್ಕ ಹಸಿದಿದ್ದಳು, ದಿನವಿಡೀ ಕಾದಿದ್ದಳು. "ರಿಂಗ್ ಆಗೂದ್ರಾಗ ಕಟ್ ಮಾಡಿರಬೇಕು ನೀ. ನಿಮ್ಮ ಮಂದಿ ನಡುವ ನಾ ಯಾಕ ಅಂತ ಅನಿಸಿತ್ತಂದ್ರ ಬಾಯಿ ಬಿಟ್ಟ ಹೇಳಬೇಕಿತ್ತು," ಅಂದಳು.

ನೀವು ನಿಮ್ಮ ಫೋನನ್ನು ಸೆರಗಿನೊಳಗೆ ಸೇರಿಸಿದಿರಿ. "ನಿಮ್ಮ ಮಂದಿ ಅಂದಿ," ಎಂದಿರಿ. "ಆತು ಬಿಡು." ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿರಿ. ನಾನು ನಿಮ್ಮ ಹಿಂದೆ ಓಡಿ ಬರಬೇಕಿತ್ತು. ಹೊಸ್ತಿಲವರೆಗೆ ಬಂದೆ ಕೂಡ.

ಮುಂದಿನದು ನಿಮಗೆ ಗೊತ್ತಿದೆ. ಜಗಳ ಅಂತ ಏನೂ ಆಗಲಿಲ್ಲ. ದೊಡ್ಡ ಬಾಣಲೆ ನಿಮಗೆ, ತಕ್ಕಡಿ ಅಕ್ಕನಿಗೆ ಎಂದು ಮಾತಿಲ್ಲದೆ ಹಂಚಿಕೆಯಾಯಿತು. ರುಕ್ಸಾರಳ ಮದುವೆ ಅದೇ ಮನೆಗೆ ಆಯಿತು. ಪತ್ರಿಕೆ ಯಾರದೋ ಕೈಯಲ್ಲಿ ಬಂತು, ಅಕ್ಕ ಹೋಗಲಿಲ್ಲ. ನೀವೂ ಆಮೇಲೆ ಹಾವೇರಿಗೆ ಹೋಗಿಬಿಟ್ಟಿರಿ. ಇತ್ತ ಅಕ್ಕನ ಫೋನು ಮೊದಲಿನಂತೆ ಮಧ್ಯಾಹ್ನಕ್ಕೇ ಆರತೊಡಗಿತು. "ನಿನ್ನ ಔಷಧ ಇಳೀತು ಕಾಣತೈತಿ," ಎಂದು ನಕ್ಕಳು ಅಕ್ಕ. ಅದಕ್ಕೂ ಇದಕ್ಕೂ ಅವಳು ಯಾವತ್ತೂ ಗಂಟು ಹಾಕಲಿಲ್ಲ. ನಾನು ಹೊಸ ಫೋನ್ ತಂದುಕೊಟ್ಟೆ. ತಂಗಿಯ ಪ್ರೀತಿ ಎಂದುಕೊಂಡಳು.

ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ: ನಿಜವಾಗಿ ಆ ದಿನ ನೆಟ್‌ವರ್ಕೇ ಹೋಗಿದ್ದರೆ? ನನ್ನ ಸೆಟ್ಟಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ? ಒಂದು ಸಲ ಬಾರಿಸಿ ಒಂದು ಸಲ ಬಾರಿಸದ ಫೋನಿನಿಂದ ಏನೆಂದು ತೀರ್ಮಾನಿಸುವುದು? ಪರೀಕ್ಷಿಸಿ ನೋಡಲು ದಾರಿಯೇ ಉಳಿದಿಲ್ಲ — ಉಳಿಯದಂತೆ ಮಾಡಿದವಳು ನಾನೇ. ಹಾಗಾಗಿ ಇವತ್ತು ನಾನು ಒಪ್ಪಿಕೊಳ್ಳುತ್ತಿರುವುದು ಏನನ್ನು ಎಂಬುದೇ ನನಗೆ ಒಮ್ಮೊಮ್ಮೆ ಮಸುಕಾಗುತ್ತದೆ. ನಿಮ್ಮ ಕರೆಯನ್ನು ತಡೆದದ್ದನ್ನೋ? ಅದು ನನಗೆ ಗೊತ್ತಿಲ್ಲ. ಗೊತ್ತಿರುವುದು ಮುಚ್ಚಿಟ್ಟದ್ದು ಮಾತ್ರ.

ಕಳೆದ ವಾರ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ರುಕ್ಸಾರ ಸಿಕ್ಕಿದ್ದಳು. ಕಂಕುಳಲ್ಲಿ ಮಗಳು. ನಾನು ಗುರುತಿಸುವ ಮೊದಲೇ ಅವಳೇ ಬಂದು ಕೈ ಹಿಡಿದಳು. ಅಕ್ಕನ ಕ್ಷೇಮ ಕೇಳಿದಳು. ಆಮೇಲೆ, "ಗಿರಿಜಾ ಆಂಟಿ, ಒಂದು ಮಾತ ಕೇಳ್ಲೇನ್ರಿ? ಅವತ್ತ ಅಮ್ಮಿ ಫೋನ್ ಮಾಡೂಮುಂದ ನಾ ಬಾಜೂಕ ಇದ್ನಿರಿ. ರಿಂಗ್ ಆಗೂದು ನನಗೂ ಕೇಳಸ್ತಿತ್ತು. ಸುಮಾ ಮೌಶಿ ಖರೇನ ಹೆಸರು ನೋಡಿ ಸುಮ್ನ ಬಿಟ್ರೇನ್ರಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಂಡರೆ ಸಾಕು ಎಂಬಂತೆ ಕೇಳಿದಳು. ನಾನು, ಬಸ್ ಬಂತು ಎಂದು ಹೇಳಿ ಹತ್ತಿಬಿಟ್ಟೆ. ಅದು ನನ್ನ ಬಸ್ಸಾಗಿರಲಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿದು, ಅಲ್ಲಿಂದ ಬ್ಯಾಡಗಿಗೆ ಹೋಗಿ, ಅಕ್ಕನಿಗೆ ಎಲ್ಲ ಹೇಳಿದೆ.

ಅಕ್ಕ ಮೆಣಸಿನಕಾಯಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು. ಕರ್ನಲ್ಲು, ಸೆಟ್ಟಿಂಗು ಎಂದೆಲ್ಲ ನಾನು ಬಿಡಿಸಿ ಹೇಳುತ್ತಿದ್ದಾಗ ಅವಳು ನಡುವೆ ತಡೆದಳು.

"ಅಂದ್ರ ಆಕಿ ಫೋನ್ ಮಾಡಿದ್ಲು."

"ಮಾಡಿದ್ರಕ್ಕಾ."

ಅವಳ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದರೆ ಹಗುರಾಗುತ್ತಿತ್ತೇನೋ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಫೋನಿಂದು ನಿಂದು," ಅಂದಳು ಆಮೇಲೆ. "ಆದ್ರ ನಿಮ್ಮ ಮಂದಿ ಅಂತ ಅಂದಾಕಿ ನಾ. ಅದನ್ನ ಯಾವ ಫೋನೂ ನನ್ನ ಬಾಯಿಂದ ಆಡಸಲಿಲ್ಲ. ಅದು ಒಳಗ ಎಲ್ಲೋ ಇತ್ತು, ಹೊರಗ ಬಂತು."

ನನ್ನ ತಪ್ಪು ಎಲ್ಲಿ ಮುಗಿಯುತ್ತದೆ, ಅವಳದು ಎಲ್ಲಿ ಶುರುವಾಗುತ್ತದೆ ಎಂಬುದು ಅಲ್ಲಿಂದ ನನಗೆ ಇನ್ನಷ್ಟು ಗೋಜಲಾಗಿದೆ. ನಾನು ಬಾಯಿ ಬಿಟ್ಟಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ. ಆದರೆ ಅವಳು ಅದನ್ನು ತನ್ನದೆಂದು ಇಟ್ಟುಕೊಂಡಿದ್ದಾಳೆ, ನನಗೆ ಬಿಟ್ಟುಕೊಡುತ್ತಿಲ್ಲ. ಹಾವೇರಿಗೆ ಜೊತೆಗೆ ಬಾ ಎಂದು ಕರೆದೆ. "ನೀ ಹೋಗಿ ನಿಂದು ಹೇಳು. ನಂದು ನಾನ ಹೋಗಿ ಹೇಳಬೇಕು. ಎಂದ ಹೊಕ್ಕೇನೋ ಗೊತ್ತಿಲ್ಲ," ಎಂದಳು. ಮತ್ತೆ ಮೊರ ಎಳೆದುಕೊಂಡಳು.

ಶಮೀಮಕ್ಕ, ಇಷ್ಟನ್ನೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ; ನಾಳೆ ಕಾಲೇಜು ಮುಗಿಸಿ ನಿಮ್ಮ ಮನೆಗೆ ಬರುತ್ತೇನೆ. ಬರುತ್ತೇನೆ ಎಂದು ಮೊದಲೇ ಹೇಳಿಕಳಿಸುವುದಿಲ್ಲ; ಹೇಳಿಕಳಿಸಿದರೆ, ಬೇಡ ಎಂಬ ಉತ್ತರ ಬಂದು, ಬರದೆ ಉಳಿಯಲು ನನಗೊಂದು ನೆಪ ಸಿಕ್ಕೀತು. ರುಕ್ಸಾರ ಅಲ್ಲಿದ್ದರೆ ಅವಳ ಪ್ರಶ್ನೆಗೂ ಉತ್ತರ ಹೇಳಬೇಕು. ನೀವು ಏನು ಕೇಳಿದರೂ ಗೊತ್ತಿರುವಷ್ಟನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಕೂಡ್ರು ಎಂದರೆ ಕೂರುತ್ತೇನೆ. ಅನ್ನದಿದ್ದರೆ ನಿಂತೇ ಹೇಳುತ್ತೇನೆ.